ಆರನೆಯ ಯಾಕೆಗೆ ಜಾಗವಿಲ್ಲ

ಕಾರ್ಖಾನೆಯಲ್ಲಿ ಅವಳಿಗೆ ‘ಸ್ಟಿಕ್ಕರ್ ಮೇಡಂ’ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ. ಮಗಳು ಇಂಜಿನಿಯರು, ದೊಡ್ಡ ದೊಡ್ಡ ಯಂತ್ರಗಳನ್ನು ಬೆರಳ ತುದಿಯಲ್ಲಿ ಕುಣಿಸುತ್ತಾಳೆ ಎಂದು ಅಮ್ಮ ಬಟ್ಟೆ ಹೊಲಿಸಿಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು. ಮಗಳ ಬೆರಳ ತುದಿಗೆ ಕಾರ್ಖಾನೆಯವರು ಕೊಟ್ಟದ್ದು ಒಂದು ಕ್ಲಿಪ್‌ಬೋರ್ಡು, ಒಂದು ಸ್ಟಾಪ್‌ವಾಚು, ಒಂದು ಸುರುಳಿ ಹಳದಿ ಸ್ಟಿಕ್ಕರು.

ಬೆಳಿಗ್ಗೆ ಎಂಟಕ್ಕೆ ಹೋಗಿ ನಿನ್ನೆ ಎಷ್ಟು ಉಕ್ಕಿನ ಪಿನ್ನು ಆಯಿತು, ಎಷ್ಟು ಕೆಟ್ಟಿತು, ಯಾವ ಮಷೀನು ಎಷ್ಟು ನಿಮಿಷ ನಿಂತಿತು ಎಂದು ಬರೆಯಬೇಕು. ಆಮೇಲೆ ಒಬ್ಬೊಬ್ಬ ಆಪರೇಟರಿನ ಪಕ್ಕದಲ್ಲಿ ನಿಂತು ಅವನು ಒಂದು ಪಿನ್ನು ಎತ್ತಿ ಇಡಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದು ಅಳೆಯಬೇಕು. ಮೂಗು ಕೆರೆದುಕೊಂಡರೆ ಅದನ್ನೂ ಬರೆಯಬೇಕು. ಅಳತೆಯ ಸಾಮಾನುಗಳನ್ನು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕಳಿಸಬೇಕು, ತಿರುಗಿ ಬಂದ ಮೇಲೆ ಮುಂದಿನ ದಿನಾಂಕದ ಸ್ಟಿಕ್ಕರು ಅಂಟಿಸಬೇಕು. ಹೊಸಬರಿಗೆ ಕೆಲಸ ಹೇಳಿಕೊಡುವ ಹಾಳೆ ಬರೆಯಬೇಕು. ಏನಾದರೂ ಎಡವಟ್ಟಾದರೆ ಅದರ ಮೂಲ ಹುಡುಕಿ ಫಾರ್ಮು ತುಂಬಬೇಕು. ಕಾರ್ಖಾನೆಯ ಪ್ರತಿಯೊಂದು ಪಾಪಕ್ಕೂ ಒಂದು ಫಾರ್ಮು ಇರುತ್ತದೆ. ಅದನ್ನು ತುಂಬುವ ಭಾಗ್ಯ ಯಾವಾಗಲೂ ಎಲ್ಲರಿಗಿಂತ ಕೊನೆಯಲ್ಲಿ ಸೇರಿದ ಇಂಜಿನಿಯರದು.

ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದಳು, ನಿಜ. ಆದರೆ ಪಿನ್ನಿಗೆ ಸಾಣೆ ಹಿಡಿಯುವ ಗ್ರೈಂಡಿಂಗ್ ಮಷೀನಿನ ಕಲ್ಲು ಸವೆದಾಗ ಅದರ ಸದ್ದು ಹೇಗೆ ಬದಲಾಗುತ್ತದೆ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಹೇಳಿಕೊಟ್ಟವರು ಮೈಕ್ರಾನ್ ಮಾಮ.

ಆ ಹೆಸರಿಗೆ ಕಾರಣವಿತ್ತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲೊಂದು ಎಪ್ಪತ್ತು ಮೈಕ್ರಾನ್ ದಪ್ಪ. ಮೂವತ್ತೊಂದು ವರ್ಷ ಒಂದೇ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತಿದ್ದ ಆ ಮನುಷ್ಯ ಪಿನ್ನಿನ ಮೇಲೆ ಹೆಬ್ಬೆರಳು ಜಾರಿಸಿ, “ಇದು ಐದು ಜಾಸ್ತಿ ಇದೆ” ಎನ್ನುತ್ತಿದ್ದರು. ಅಳೆದರೆ ಆರು ಇರುತ್ತಿತ್ತು. “ಒಂದು ತಪ್ಪಿತಲ್ಲ ಮಾಮ” ಎಂದು ಹುಡುಗರು ಕಿಚಾಯಿಸಿದರೆ, “ಬೆಳಿಗ್ಗೆ ಕಾಫಿ ಕುಡಿದಿಲ್ಲ, ಬೆರಳು ಇನ್ನೂ ಮಲಗಿದೆ” ಎಂದು ನಗುತ್ತಿದ್ದರು.

ಅವಳು ಮೊದಲ ದಿನ ಅವರ ಪಕ್ಕದಲ್ಲಿ ಸ್ಟಾಪ್‌ವಾಚು ಹಿಡಿದು ನಿಂತಾಗ ಅವರು ತಿರುಗಿಯೂ ನೋಡಲಿಲ್ಲ. ಹತ್ತು ಪಿನ್ನು ಆದ ಮೇಲೆ ಕೇಳಿದರು: “ಎಷ್ಟು ಬಂತು ಮಗೂ?”

“ಒಂದೊಂದಕ್ಕೆ ನಲವತ್ತೆರಡು ಸೆಕೆಂಡು ಮಾಮ.”

“ಐವತ್ತು ಅಂತ ಬರಿ.”

“ಸುಳ್ಳು ಬರೆಯೋಕಾಗಲ್ಲ.”

“ಸುಳ್ಳಲ್ಲ ಕಣೇ, ನೀನು ನಿಂತಿದ್ದೀಯಲ್ಲ, ಹುಡುಗಿ ಮುಂದೆ ಮಾನ ಹೋಗಬಾರದು ಅಂತ ಬೇಗ ಮಾಡಿದೆ. ನೀನು ಹೋದಮೇಲೆ ಐವತ್ತೇ ಆಗೋದು.”

ಅವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವರಿಬ್ಬರಿಗೂ ಸರಿಹೋಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಹೇಳುವುದು, ಇವಳು ಬರೆದುಕೊಳ್ಳುವುದು. ಕಲ್ಲನ್ನು ಹೇಗೆ ಕಟ್ಟಬೇಕು, ನೀರು ಎಲ್ಲಿ ಬೀಳಬೇಕು, ಪಿನ್ನು ಬಿಸಿಯಿರುವಾಗ ಯಾಕೆ ಅಳೆಯಬಾರದು. ಹಾಗೆ ಬರೆದದ್ದೇ ಇಪ್ಪತ್ತು ಪುಟದ ‘ಕೆಲಸದ ಹಾಳೆ’ ಆಯಿತು. ಮಾಮ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಅಕ್ಷರ ಚೆನ್ನಾಗಿದೆ ಕಣೇ ನಿಂದು” ಎಂದರು. ಹಾಳೆಯ ಕೆಳಗೆ ‘ತಯಾರಿಸಿದವರು’ ಎಂಬಲ್ಲಿ ಅವಳ ಸಹಿ ಇತ್ತು. ‘ಹೇಳಿಕೊಟ್ಟವರು’ ಎಂಬ ಜಾಗ ಯಾವ ಫಾರ್ಮಿನಲ್ಲೂ ಇರುವುದಿಲ್ಲ.

ಗೋಡೆಯ ಮೇಲೆ ಇನ್ನೊಂದು ಹಾಳೆ ಇತ್ತು. ಹುಡುಗರು ಅದನ್ನು ‘ಗುಂಡಿನ ಹಾಳೆ’ ಎನ್ನುತ್ತಿದ್ದರು. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ದುಂಡು ಗೆರೆಯ ಗುಂಡು, ಗುಂಡಿನೊಳಗೆ ನಾಲ್ಕು ಪಾಲು. ಕೆಲಸ ಕಲಿಯುತ್ತಿದ್ದರೆ ಒಂದು ಪಾಲು ಕಪ್ಪು. ಯಾರಾದರೂ ಜೊತೆಗಿದ್ದರೆ ಮಾಡಬಲ್ಲವನಿಗೆ ಎರಡು, ಒಬ್ಬನೇ ಮಾಡಬಲ್ಲವನಿಗೆ ಮೂರು. ಬೇರೆಯವರಿಗೆ ಕಲಿಸಬಲ್ಲವನಿಗೆ ಪೂರ್ತಿ ಕಪ್ಪು. ಗ್ರೈಂಡಿಂಗ್ ಸಾಲಿನಲ್ಲಿ ತುಂಬಿದ ಗುಂಡು ಒಂದೇ ಒಂದು, ಮೈಕ್ರಾನ್ ಮಾಮನದು. ಆ ಹಾಳೆಯನ್ನು ಒಪ್ಪವಾಗಿ ಇಟ್ಟುಕೊಳ್ಳುವುದೂ ಅವಳದೇ ಕೆಲಸವಾಗಿತ್ತು. ತನ್ನ ಹೆಸರಿನ ಮುಂದೆ ಒಂದು ಪಾಲನ್ನು ತಾನೇ ಕಪ್ಪು ಮಾಡಿಕೊಂಡ ದಿನ ಅವಳು ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಹೊಲಿಗೆ ನಿಲ್ಲಿಸಿ, “ಇನ್ನು ಮೂರು ತಾನೆ, ಆಗುತ್ತೆ ಬಿಡು” ಎಂದಳು.

ಅವರು ಮಾಡುತ್ತಿದ್ದದ್ದು ಲಿಫ್ಟಿನ ಬಾಗಿಲ ಕೀಲಿಗೆ ಹೋಗುವ ಪಿನ್ನು. ಅದನ್ನು ಪರೀಕ್ಷಿಸಲು ಉಕ್ಕಿನ ಎರಡು ಉಂಗುರಗಳಿದ್ದವು. ಒಂದರೊಳಗೆ ಪಿನ್ನು ಸಲೀಸಾಗಿ ಇಳಿಯಬೇಕು. ಅದು ಗೋ ರಿಂಗು. ಇನ್ನೊಂದರೊಳಗೆ ಇಳಿಯಲೇಬಾರದು; ಅದು ನೋ-ಗೋ. ಎರಡೂ ಪರೀಕ್ಷೆ ಪಾಸಾದ ಪಿನ್ನು ಸರಿಯಾದ ಪಿನ್ನು. ದಿನಕ್ಕೆ ಆರುನೂರು ಪಿನ್ನು ಒಳಗೆ ಹೋಗಿ ಬಂದರೆ ಗೋ ರಿಂಗಿನ ಹೊಟ್ಟೆ ನಿಧಾನಕ್ಕೆ ಸವೆಯುತ್ತದೆ. ಸವೆದು ದೊಡ್ಡದಾದ ರಿಂಗು ದಪ್ಪ ಪಿನ್ನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅಮ್ಮನಿಗೆ ಇದು ಥಟ್ಟನೆ ಅರ್ಥವಾಗಿತ್ತು. “ನನ್ನ ಟೇಪಿನ ಹಾಗೆ ಅನ್ನು. ಎಳೆದೂ ಎಳೆದೂ ಉದ್ದ ಆಗುತ್ತೆ. ವರ್ಷಕ್ಕೊಂದು ಸಲ ಮರದ ಅಳತೆಕೋಲಿನ ಮೇಲೆ ಇಟ್ಟು ನೋಡಿ ಬಿಸಾಕ್ತೀನಿ. ಇಲ್ಲದಿದ್ರೆ ಗಿರಾಕಿ ಬಂದು ನನ್ನ ಮೇಲೆ ಬಿಸಾಕ್ತಾರೆ.”

ಮಾಮನ ಡಬ್ಬಿಯಲ್ಲಿ ಒಂದು ಹಳೆಯ ಪಿನ್ನಿತ್ತು, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಎಷ್ಟೋ ವರ್ಷದ ಹಿಂದೆ ಕರಾರುವಾಕ್ಕಾಗಿ ಬಂದ ಪಿನ್ನು. ಪ್ರತಿ ಸೋಮವಾರ ಅದನ್ನು ಒರೆಸಿ ಗೋ ರಿಂಗಿನ ಬಾಯಿಗೆ ಇಟ್ಟು ಬಿಡುತ್ತಿದ್ದರು. ಒಂದು ಸೋಮವಾರ ಅವಳನ್ನು ಕೈಸನ್ನೆ ಮಾಡಿ ಕರೆದರು.

“ನೋಡಿಲ್ಲಿ. ಮುಂಚೆ ಇದು ಗಾಳಿ ಮೇಲೆ ಕೂತ್ಕೊಂಡ ಹಾಗೆ ನಿಧಾನಕ್ಕೆ ಇಳೀತಿತ್ತು. ಈಗ ನೋಡು.”

ಪಿನ್ನು ಟಣ್ ಎಂದು ಕೆಳಗೆ ಬಿತ್ತು.

“ಪಿನ್ನು ಅದೇ. ರಿಂಗು ಹೋಗಿದೆ. ಇಪ್ಪತ್ತು ಮೈಕ್ರಾನಿಗೆ ಒಂಚೂರು ಕಮ್ಮಿ ಸವೆದಿರಬೇಕು. ತಪಾಸಣೆಗೆ ಕಳಿಸು ಮಗೂ.”

ರಿಂಗಿನ ಸ್ಟಿಕ್ಕರಿನ ದಿನಾಂಕವೂ ಆ ವಾರವೇ ಮುಗಿಯುತ್ತಿತ್ತು. ಅವಳು ಚೀಟಿ ಬರೆದುಕೊಂಡು ಮೆಟ್ಟಿಲು ಹತ್ತಿ ಮೇಲಿನ ಗಾಜಿನ ಕೋಣೆಗೆ ಹೋದಳು. ಅಲ್ಲಿ ಉತ್ಪಾದನೆಯ ಮ್ಯಾನೇಜರು ಕೂರುತ್ತಿದ್ದರು. ಹುಡುಗರ ಬಾಯಲ್ಲಿ ಅವರು ಟಾರ್ಗೆಟ್ ಸಾಹೇಬರು.

“ಕಳಿಸಿದರೆ ಎಷ್ಟು ದಿನ?” ಎಂದರು ಸಾಹೇಬರು, ಫೋನಿನಿಂದ ಕಣ್ಣೆತ್ತದೆ.

“ಆರು ದಿನ ಸಾರ್.”

“ಇನ್ನೊಂದು ರಿಂಗು ಇದೆಯಾ?”

“ಇಲ್ಲ ಸಾರ್. ಹೋದ ವರ್ಷವೇ ಕೇಳಿದ್ದಾರೆ, ಬಂದಿಲ್ಲ.”

“ಆರು ದಿನ ಮಷೀನು ನಿಲ್ಲಿಸಿ ಗಿರಾಕಿಗೆ ಏನು ಕಳಿಸಲಿ, ನಿನ್ನ ಸ್ಟಿಕ್ಕರಾ?” ಸಾಹೇಬರು ನಕ್ಕರು. ಒಳ್ಳೆಯ ಮನಸ್ಥಿತಿಯಲ್ಲಿದ್ದರು. “ಒಂದು ಕೆಲಸ ಮಾಡು. ಮೂರು ತಿಂಗಳು ಮುಂದಿನ ದಿನಾಂಕ ಹಾಕಿ ಹೊಸ ಸ್ಟಿಕ್ಕರು ಅಂಟಿಸು. ಈ ಆರ್ಡರು ಮುಗಿದ ಮೇಲೆ ಕಳಿಸೋಣ.”

“ಮಾಮ ಹೇಳ್ತಾರೆ, ರಿಂಗು ಸವೆದಿದೆ ಅಂತ.”

“ಮಾಮನ ಹೆಬ್ಬೆರಳಿಗೆ ಸರ್ಟಿಫಿಕೇಟ್ ಇದೆಯೇನಮ್ಮಾ?”

ಅವಳು ಕೆಳಗಿಳಿದಳು. ಕೆಲಸ ಖಾಯಂ ಆಗಲು ಇನ್ನು ಎರಡೂವರೆ ತಿಂಗಳಿತ್ತು. ಅಮ್ಮನ ಎಡಗಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನಿಸಬೇಕಾಗಿತ್ತು. ಇದೆಲ್ಲ ನೆಪವೆಂದು ಯಾರಾದರೂ ಅಂದರೆ ಅವಳು ತಲೆ ತಗ್ಗಿಸಿ ಒಪ್ಪಿಕೊಂಡಾಳು. ಹಳದಿ ಸ್ಟಿಕ್ಕರಿನ ಮೇಲೆ ತನ್ನ ಚೆಂದದ ಅಕ್ಷರದಲ್ಲಿ ಸುಳ್ಳು ದಿನಾಂಕ ಬರೆದು ರಿಂಗಿನ ಪೆಟ್ಟಿಗೆಗೆ ಅಂಟಿಸಿದಳು. ಮಾಮ ಅದನ್ನು ನೋಡಿದರು. ಅವಳ ಮುಖ ನೋಡಿದರು.

“ಕಳಿಸಲ್ವಂತಾ?”

“ಆರ್ಡರು ಮುಗಿದ ಮೇಲೆ ಅಂತೆ ಮಾಮ.”

“ಹ್ಞೂಂ” ಎಂದು ಅವರು ಮಷೀನಿನ ಗುಂಡಿ ಒತ್ತಿದರು. ರಿಂಗು ಹೇಳಿದ್ದನ್ನು ನಂಬಬೇಕು, ಬೆರಳು ಹೇಳಿದ್ದನ್ನಲ್ಲ ಎಂಬುದು ಕಾರ್ಖಾನೆಯ ನಿಯಮ. ಅವಳೇ ಬರೆದ ಕೆಲಸದ ಹಾಳೆಯಲ್ಲೂ ಹಾಗೇ ಇತ್ತು. ಮಾಮ ಆಮೇಲೆ ಇನ್ನೆರಡು ಸಲ ನೆನಪಿಸಿದರು. ಎರಡನೆಯ ಸಲ ಅವಳು “ಗೊತ್ತು ಮಾಮ, ಗೊತ್ತು” ಎಂದು ರೇಗಿದಳು.

ಎರಡು ತಿಂಗಳು ಕಳೆಯಿತು. ಅವಳ ಖಾಯಮಾತಿಗೆ ಇನ್ನೆರಡೇ ವಾರ ಉಳಿದಿದ್ದಾಗ ಗಿರಾಕಿಯಿಂದ ದೂರು ಬಂತು. ಸಾವಿರದ ನಾನೂರು ಪಿನ್ನಿನ ಸರಕು, ಅರ್ಧಕ್ಕರ್ಧ ತೂತಿಗೆ ಹೋಗುತ್ತಿಲ್ಲ. ಸುತ್ತಿಗೆ ಹಾಕಿ ಬಡಿದರೆ ಕೀಲು ಬಿರಿಯುತ್ತದೆ. ಅವರ ಕೆಲಸ ಒಂದು ದಿನವೆಲ್ಲ ನಿಂತಿದೆ. ಕಾರಣ ಬರೆದು ಕಳಿಸಿ.

ಕಾರಣ ಬರೆಯಲು ಒಂದು ಫಾರ್ಮಿದೆ. ‘ಐದು ಯಾಕೆ’ ಎಂದು ಅದಕ್ಕೆ ಹೆಸರು. ಒಂದರ ಕೆಳಗೊಂದು ಐದು ಚೌಕ. ಮೊದಲ ಚೌಕದಲ್ಲಿ ಎಡವಟ್ಟು ಯಾಕಾಯಿತು ಎಂದು ಬರೆಯಬೇಕು. ಬಂದ ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳಿ ಎರಡನೆಯದರಲ್ಲಿ ಬರೆಯಬೇಕು. ಹೀಗೆ ಐದು ಸಲ ಕೇಳಿದರೆ ಬೇರು ಸಿಗುತ್ತದಂತೆ. ಅವಳು ಮೇಜಿನ ಮುಂದೆ ಕೂತು ಬರೆಯತೊಡಗಿದಳು. ಪಿನ್ನು ಯಾಕೆ ಹೋಗಲಿಲ್ಲ? ದಪ್ಪವಿತ್ತು. ದಪ್ಪ ಪಿನ್ನು ಯಾಕೆ ಹೊರಗೆ ಹೋಯಿತು? ತಪಾಸಣೆಯಲ್ಲಿ ಪಾಸಾಯಿತು. ಯಾಕೆ ಪಾಸಾಯಿತು? ಅಲ್ಲಿಗೆ ಅವಳ ಕೈ ನಿಂತಿತು.

ಸಾಹೇಬರು ಆ ಹೊತ್ತಿಗೆ ಅವಳ ಹಿಂದೆ ಬಂದು ನಿಂತಿದ್ದರು. ಅಪ್ಪಟ ಅಪ್ಪನ ದನಿಯಲ್ಲಿ ಹೇಳಿದರು: “ನೋಡಮ್ಮಾ, ರಿಂಗು ಸವೆದಿತ್ತು ಅಂತ ಬರೆದರೆ ಅವರು ಸ್ಟಿಕ್ಕರು ನೋಡ್ತಾರೆ. ಸ್ಟಿಕ್ಕರಿನ ಮೇಲೆ ಯಾರ ಅಕ್ಷರ ಇದೆ?”

ಅವಳು ಫಾರ್ಮನ್ನು ತನ್ನ ಕಡೆಗೆ ಎಳೆದುಕೊಂಡಳು.

“ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ. ಆಪರೇಟರು ಅಳತೆಯನ್ನ ಸರಿಯಾಗಿ ನೋಡಲಿಲ್ಲ ಅಂತ ಬರಿ. ಅವನಿಗೇನು, ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಕೆಲಸದಿಂದ ತೆಗೆಯಲ್ಲ, ಮರುತರಬೇತಿ ಅಂತ ಹಾಕಿ ಮುಗಿಸೋಣ. ಯಾರಿಗೂ ನಷ್ಟ ಇಲ್ಲ.”

ಯಾರಿಗೂ ನಷ್ಟವಿಲ್ಲ! ಇನ್ನೊಬ್ಬರ ಮಾನದಿಂದ ತನ್ನ ಚರ್ಮ ಮುಚ್ಚಿಕೊಳ್ಳುವವರೆಲ್ಲ ಹೇಳುವ ಮಾತು ಇದೇ. ಅವಳಿಗೂ ಆ ಕ್ಷಣದಲ್ಲಿ ಅದು ನಿಜವೆನ್ನಿಸಿತು. ನಿಜವೆನ್ನಿಸಲಿ ಎಂದು ಅವಳೇ ಬಯಸಿದಳು. ಮೂರನೆಯ ಚೌಕದಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಎಂದು ಬರೆದಳು. ನಾಲ್ಕಕ್ಕೆ ‘ತರಬೇತಿಯ ಕೊರತೆ’. ಐದಕ್ಕೆ ‘ವಯಸ್ಸಿನ ಕಾರಣ ಗಮನ ಕಡಿಮೆ’ ಎಂದು ಸಾಹೇಬರೇ ಹೇಳಿ ಬರೆಸಿದರು.

ಫಾರ್ಮಿನ ಕೊನೆಯಲ್ಲಿ ಸಂಬಂಧಪಟ್ಟ ಆಪರೇಟರಿನ ಸಹಿ ಬೇಕಿತ್ತು. ಅವಳೇ ತೆಗೆದುಕೊಂಡು ಹೋದಳು. ಮಾಮ ಕೈಯನ್ನು ಹತ್ತಿಬಟ್ಟೆಗೆ ಒರೆಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಚೌಕ ಓದಿದರು. ಮಷೀನು ಸುಮ್ಮನೆ ತಿರುಗುತ್ತಿತ್ತು.

“ನೀನೇ ಬರೆದಿದ್ದಾ?”

“ಹೂಂ.”

“ಅಕ್ಷರ ಚೆನ್ನಾಗಿದೆ” ಎಂದು ಸಹಿ ಹಾಕಿ ಕೊಟ್ಟರು.

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

ಮರುತರಬೇತಿ ಎಂದರೆ ಏನೆಂದು ಅವಳಿಗೆ ಸರಿಯಾಗಿ ತಿಳಿದದ್ದು ಮಾರನೆಯ ದಿನ. ಗುಂಡಿನ ಹಾಳೆಯಲ್ಲಿ ಮಾಮನ ಗುಂಡನ್ನು ಮೂರು ಪಾಲು ಅಳಿಸಬೇಕಿತ್ತು. ಅಳಿಸಬೇಕಾದವಳು ಅವಳೇ. ಕಪ್ಪು ಶಾಯಿ ಅಳಿಯದ್ದರಿಂದ ಬಿಳಿ ಕಾಗದದ ತುಂಡು ಅಂಟಿಸಿ ಮೇಲೆ ಹೊಸ ಗುಂಡು ಬರೆದಳು. ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ಅಲ್ಲೇ ನಿಂತು, “ಅಯ್ಯೋ ಮೇಡಂ, ಯಜಮಾನ್ರಿಗೆ ಗ್ರಹಣ ಹಿಡಿಸ್ಬಿಟ್ರಲ್ಲ” ಎಂದಳು. ಪಕ್ಕದ ಮಷೀನಿನವರು ಯಾರೂ ನಗಲಿಲ್ಲ.

ತರಬೇತಿ ಕೊಡಬೇಕಾದವಳೂ ಅವಳೇ. ಮೂರು ದಿನ, ಪ್ಲಾಸ್ಟಿಕ್ ಕುರ್ಚಿಗಳ ಕೋಣೆಯಲ್ಲಿ, ಬಿಳಿ ಪರದೆಯ ಮುಂದೆ. ಅಷ್ಟು ಕುರ್ಚಿಗಳ ನಡುವೆ ಮಾಮ ಒಬ್ಬರೇ, ಮೊದಲ ಸಾಲಿನಲ್ಲಿ, ಮಡಿಲಲ್ಲಿ ಹೊಸ ನೋಟುಬುಕ್ಕು ಇಟ್ಟುಕೊಂಡು. ಪರದೆಯ ಮೇಲೆ ಬಂದದ್ದು ಅದೇ ಇಪ್ಪತ್ತು ಪುಟದ ಕೆಲಸದ ಹಾಳೆ. ಹತ್ತು ತಿಂಗಳ ಹಿಂದೆ ಅವರು ಊಟದ ಡಬ್ಬಿ ಮುಚ್ಚಿಟ್ಟು ಒಂದೊಂದೇ ಮಾತು ಹೇಳಿ ಬರೆಸಿದ್ದು. ಅವಳು ಅದನ್ನು ಅವರಿಗೇ ಓದಿ ಹೇಳಬೇಕು.

“ಪಿನ್ನು ಬಿಸಿಯಿರುವಾಗ ಅಳೆಯಬಾರದು” ಎಂದು ಓದಿದಳು.

“ಯಾಕೆ ಮೇಡಂ?” ಎಂದರು ಮಾಮ.

ಮೇಡಂ! ಅಲ್ಲಿಯವರೆಗೆ ಅವರ ಬಾಯಲ್ಲಿ ಅವಳು ಮಗು.

“ಮಾಮ, ಹಾಗೆ ಕರೀಬೇಡಿ.”

“ತರಬೇತಿ ಕೊಡೋರು ನೀವು. ಕಲಿಯೋನು ನಾನು. ಗುಂಡಿನಲ್ಲಿ ಒಂದೇ ಪಾಲು ಇರೋನು. ಮುಂದಿನ ಪುಟ ತೆಗೀರಿ.”

ಅವರು ಮೂರು ದಿನವೂ ಬರೆದುಕೊಂಡರು. ವ್ಯಂಗ್ಯಕ್ಕಲ್ಲ. ಕೆಲಸದ ಜಾಗದಲ್ಲಿ ಹೇಳಿದ್ದನ್ನು ಮಾಡುವುದು ಅವರ ರೂಢಿ. ಮೂರನೆಯ ದಿನ ಮಧ್ಯಾಹ್ನ ಇಪ್ಪತ್ತು ಪ್ರಶ್ನೆಯ ಪರೀಕ್ಷೆ. ಹತ್ತೊಂಬತ್ತಕ್ಕೆ ಸರಿಯಾದ ಉತ್ತರ. ಒಂದು ಖಾಲಿ. ‘ರಿಂಗಿನ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?’

ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ: ಇಂಜಿನಿಯರಿಗೆ ತಿಳಿಸಬೇಕು.

“ಇದೊಂದು ಬಿಟ್ಟಿದ್ದೀರಿ” ಎಂದಳು ಅವಳು.

“ಅದನ್ನ ಮಾಡಿ ನೋಡಿದ್ದೆನಲ್ಲ ಮೇಡಂ” ಎಂದರು ಮಾಮ. ಪೆನ್ನಿನ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟರು. ಮಾರನೆಯ ಬೆಳಿಗ್ಗೆ ಕಪಾಟಿನ ಬೀಗದಕೈಯನ್ನು ಗೇಟಿನ ಕಾವಲುಗಾರನ ಮೇಜಿನ ಮೇಲೆ ಇಟ್ಟು, ಒಂದು ಸಾಲಿನ ರಾಜೀನಾಮೆ ಬರೆದಿಟ್ಟು ಹೋದರು. ಮೂವತ್ತೊಂದು ವರ್ಷ ಒಂದು ದಿನ ತಡವಾಗಿ ಬಾರದ ಮನುಷ್ಯ, ಎಂಟು ತಿಂಗಳು ಮೊದಲೇ ಹೊರಟುಹೋದರು. ಯಾರಿಗೂ ನಷ್ಟವಿರಲಿಲ್ಲ.

ಆ ಸಂಜೆ ಅವಳು ಊಟಕ್ಕೆ ಕೂರಲಿಲ್ಲ. ಅಮ್ಮ ಯಾರದೋ ಅಂಗಿಯ ತೋಳು ಬಿಚ್ಚುತ್ತಿದ್ದಳು. ಹೊಲಿದು ಮುಗಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡಿಟ್ಟಿದ್ದ ಅಂಗಿ.

“ಅದ್ಯಾಕಮ್ಮ ಬಿಚ್ತಿದ್ದೀಯ?”

“ತೋಳು ಅರ್ಧ ಇಂಚು ಗಿಡ್ಡ. ಅಳತೆ ತಪ್ಪಿದ್ದು ನಾನು.” ಅಮ್ಮ ತಲೆಯೆತ್ತಿದಳು. “ನಿನ್ನ ಮುಖ ಯಾಕೆ ಸುಟ್ಟ ಬಟ್ಟೆ ಥರ ಇದೆ?”

ಅವಳು ಎಲ್ಲವನ್ನೂ ಹೇಳಿದಳು. ಸ್ಟಿಕ್ಕರು, ಚೌಕಗಳು, ಬಿಳಿ ಕಾಗದದ ತುಂಡು, ಖಾಲಿ ಬಿಟ್ಟ ಉತ್ತರ. ಅಮ್ಮ ಬ್ಲೇಡು ಹಿಡಿದ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೇಳಿದಳು.

“ಹೋಗಿ ಬಿಚ್ಚು” ಎಂದಳು.

“ಕೆಲಸ ಹೋದ್ರೆ?”

ಅಮ್ಮ ತೋಳಿನ ಇನ್ನೊಂದು ಹೊಲಿಗೆ ಬಿಚ್ಚಿದಳು. “ಹೋದ್ರೆ ಹೋಗ್ಲಿ ಅನ್ನೋಷ್ಟು ಧೈರ್ಯ ನಂಗೂ ಇಲ್ಲ ಪುಟ್ಟೀ. ಆದ್ರೆ ಈ ಅಂಗೀನ ಹೀಗೇ ಕೊಟ್ರೆ, ಹಾಕ್ಕೊಂಡೋನು ಬೀದಿಯಲ್ಲಿ ಓಡಾಡಿದಾಗೆಲ್ಲ ನಾನು ತಲೆ ತಗ್ಗಿಸ್ಕೊಂಡು ಹೋಗ್ಬೇಕಲ್ಲ.”

ಮರುದಿನ ಅವಳು ಯಾರನ್ನೂ ಕೇಳದೆ ಗೋ ರಿಂಗನ್ನು ಪೆಟ್ಟಿಗೆಯಿಂದ ತೆಗೆದು ತಾನೇ ತಪಾಸಣೆಯ ಲ್ಯಾಬಿಗೆ ಒಯ್ದಳು. ಕೆಲಸದ ಹೊತ್ತಿನಲ್ಲಿ ಎರಡು ಬಸ್ಸು ಬದಲಾಯಿಸಿ. ಕಾಡಿ ಬೇಡಿ ಅಲ್ಲೇ ನಿಂತು ಅಳತೆ ಮಾಡಿಸಿದಳು. ವರದಿಯಲ್ಲಿ ಬಂದದ್ದು: ಹದಿನೆಂಟು ಮೈಕ್ರಾನ್ ಸವೆತ. ಇಪ್ಪತ್ತಕ್ಕೆ ಒಂಚೂರು ಕಮ್ಮಿ.

ಆಮೇಲೆ ಹೊಸ ಫಾರ್ಮು ತುಂಬಿದಳು. ಮೂರು: ರಿಂಗು ಸವೆದಿತ್ತು. ನಾಲ್ಕು: ಸಮಯಕ್ಕೆ ತಪಾಸಣೆಗೆ ಕಳಿಸಲಿಲ್ಲ. ಐದು: ತಪಾಸಣೆ ಆಗಿದೆ ಎಂದು ಇಂಜಿನಿಯರ್ ಸುಳ್ಳು ಸ್ಟಿಕ್ಕರು ಅಂಟಿಸಿದಳು. ಚೌಕಗಳು ಅಲ್ಲಿಗೆ ಮುಗಿದವು. ಅವಳು ಅಂಟಿಸಿದ್ದು ಯಾಕೆ? ಅದಕ್ಕೆ ಜಾಗವಿರಲಿಲ್ಲ. ಅಳತೆಪಟ್ಟಿ ಇಟ್ಟು ಐದರ ಕೆಳಗೆ ಆರನೆಯ ಚೌಕ ಎಳೆದಳು. ಒಳಗೆ ಬರೆದಳು: ಆಪರೇಟರ್ ಮೂರು ಸಲ ಎಚ್ಚರಿಸಿದರೂ, ಸರಕು ನಿಲ್ಲಬಾರದೆಂದು ಮ್ಯಾನೇಜರ್ ಹೇಳಿ ಮಾಡಿಸಿದರು.

ಆ ಹಾಳೆಯನ್ನು ಅವಳು ಮೊದಲು ಒಯ್ದದ್ದು ಮಾಮನ ಮನೆಗೆ. ತಪ್ಪು ಮಾಡಿದವರಿಗೆ ಕ್ಷಮೆ ಕೇಳಲು ಇರುವ ಆತುರ, ತಪ್ಪು ತಿದ್ದಲು ಇರುವುದಿಲ್ಲ. ಒಂದೇ ಕೋಣೆಯ ಮನೆ, ಅದರ ಮುಂದೆ ಸಣ್ಣ ಜಗಲಿ. ಮಾಮ ಯಾರದೋ ಗೋಡೆ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಬಾರಮ್ಮ” ಎಂದರು, ಮುಖದಲ್ಲಿ ಮಾತ್ರ ಬಾ ಎನ್ನುವುದೇನೂ ಇರಲಿಲ್ಲ.

ಮಾಮ ಹಾಳೆಯನ್ನು ಓದಿದರು. ಆರನೆಯ ಚೌಕದ ಗೆರೆಯ ಮೇಲೆ ಹೆಬ್ಬೆರಳು ಜಾರಿಸಿದರು.

“ಹದಿನೆಂಟಾ?”

“ಹೂಂ ಮಾಮ. ನೀವು ಹೇಳಿದ್ದೇ ಸರಿ.”

“ನಾನು ಹೇಳಿದ್ದು ಸರಿ ಅಂತ ನಂಗೆ ಗೊತ್ತಿತ್ತು ಮೇಡಂ. ಇದನ್ನ ಅಲ್ಲಿ ಕೊಡಬೇಕು. ಇಲ್ಲಿಗ್ಯಾಕೆ ತಂದ್ರಿ?”

ಅವಳು ಹಾಳೆಯನ್ನು ಮಡಿಸಿಕೊಂಡಳು. ಹೊರಟು ನಿಂತಾಗ ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಆ ಹಳೆಯ ಪಿನ್ನು ತಂದರು. “ಇದು ಕಂಪನಿ ಮಾಲು. ಅವಸರದಲ್ಲಿ ಡಬ್ಬಿ ಜೊತೆ ಬಂದುಬಿಟ್ಟಿದೆ. ಒಯ್ದು ಒಪ್ಪಿಸಿ. ಕಳ್ಳ ಅಂತ ಇನ್ನೊಂದು ಹಾಳೆ ತುಂಬೋದು ಬೇಡ.”

ಗಿರಾಕಿಯ ಕಡೆಯವರು ಸಭೆಗೆ ಬಂದದ್ದು ಆ ಶುಕ್ರವಾರ. ಮೊದಲ ವರದಿಯನ್ನು ಅವರು ಒಪ್ಪಿರಲಿಲ್ಲ. ರಿಂಗಿನ ವಿಷಯವೇ ಇಲ್ಲವಲ್ಲ ಎಂದು ಕೇಳಿದ್ದರು. ಅವಳು ಬೆಳಿಗ್ಗೆಯೇ ಹೊಸ ಹಾಳೆಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದಳು. ಸಾಹೇಬರು ಅದನ್ನು ಓದಿ, ಅವಳನ್ನೊಮ್ಮೆ ನೋಡಿ, “ಸರಿ, ಪ್ರತಿ ಮಾಡಿಸ್ತೀನಿ” ಎಂದಷ್ಟೇ ಅಂದಿದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದವಳಿಗೆ ಆ ಶಾಂತಿಯೇ ಹೆದರಿಕೆ ಹುಟ್ಟಿಸಿತು.

ಸಭೆಯಲ್ಲಿ ಅವಳು ಎದ್ದು ನಿಂತು ಒಂದರಿಂದ ಐದರವರೆಗೆ ಓದಿದಳು.

“ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೀರಿ, ಒಳ್ಳೆಯದು” ಎಂದರು ಗಿರಾಕಿಯ ಕಡೆಯ ಹಿರಿಯರು.

“ಇನ್ನೂ ಒಂದಿದೆ ಸಾರ್. ಆರನೆಯದು.”

ಅವರು ತಮ್ಮ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಆರನೆಯದು ಎಲ್ಲಿದೆ?”

ಅವರ ಕೈಯಲ್ಲಿದ್ದ ಜೆರಾಕ್ಸಿನಲ್ಲಿ ಐದು ಚೌಕಗಳ ಕೆಳಗೆ ಬಿಳಿ ಜಾಗವಿತ್ತು. ಅಂಚಿನಲ್ಲಿ ಒಂದು ಸಣ್ಣ ನೆರಳಿನ ಗೆರೆ. ಕಾಗದದ ಪಟ್ಟಿಯೊಂದನ್ನು ಮೇಲಿಟ್ಟು ಪ್ರತಿ ಮಾಡಿದಾಗ ಬೀಳುವ ನೆರಳು. ಮಾಮನ ಗುಂಡಿಗೆ ಬಿಳಿ ತುಂಡು ಅಂಟಿಸಿದ್ದವಳಿಗೆ ಅದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

“ಫಾರ್ಮಿನಲ್ಲಿ ಇರೋದೇ ಐದು ಸಾರ್” ಎಂದರು ಟಾರ್ಗೆಟ್ ಸಾಹೇಬರು, ನಗುತ್ತ.

“ಸಾಹೇಬರು ಹೇಳಿದ್ದಕ್ಕೆ ನಾನು ಅಂಟಿಸಿದ್ದು” ಎಂದು ಅವಳು ಬಾಯಿಬಿಟ್ಟು ಹೇಳಿದಳು. “ಆಪರೇಟರು ಮೂರು ಸಲ ಹೇಳಿದ್ದರು. ಅವರದೇನೂ ತಪ್ಪಿಲ್ಲ.”

ಹಿರಿಯರು ಪೆನ್ನಿಗೆ ಮುಚ್ಚಳ ಹಾಕಿದರು. “ಅದು ನಿಮ್ಮ ನಿಮ್ಮ ಮನೆಯೊಳಗಿನ ಮಾತು. ನಮಗೆ ಬೇಕಾದದ್ದು ಸರಿಯಾದ ಪಿನ್ನು.” ಎಲ್ಲರೂ ಚಹಾ ಕುಡಿದರು.

ಕೆಳಗಿನವರ ಕಡೆಗೆ ಎಷ್ಟು ಯಾಕೆ ಬೇಕಾದರೂ ಇಳಿದು ಬರುತ್ತವೆ. ಮೆಟ್ಟಿಲು ಹತ್ತುವ ಯಾಕೆಯನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಖಾಯಮಾತಿಯನ್ನು ಆರು ತಿಂಗಳು ಮುಂದೂಡಿದರು, ಗುಂಡಿನಲ್ಲಿದ್ದ ಒಂದು ಪಾಲನ್ನು ತೆಗೆದುಹಾಕಿಸಿದರು. ಗಿರಾಕಿ ಕೇಳಿದ್ದರಿಂದ ಹೊಸ ರಿಂಗು ಎರಡು ಬಂದವು, ನಾಲ್ಕೇ ದಿನದಲ್ಲಿ. ಮಾಮನ ವಿಷಯ ಕೇಳಿದಾಗ ಸಾಹೇಬರು, “ನಾವು ತೆಗೆದಿಲ್ಲವಲ್ಲ, ಅವನೇ ಬಿಟ್ಟ” ಎಂದರು. ಬಿಟ್ಟವರ ಸಾಲನ್ನು ಗುಂಡಿನ ಹಾಳೆಯಿಂದ ತೆಗೆಯುವುದು ಯಾರ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ತೆಗೆಯುವ ಮುನ್ನ ಅವಳು ಬಿಳಿ ತುಂಡನ್ನು ಉಗುರಿನಿಂದ ಕೆರೆದು ಕಿತ್ತಳು. ಕೆಳಗೆ ಹಳೆಯ ಕಪ್ಪು ಗುಂಡು ಹಾಗೇ ಇತ್ತು, ಅಂಟಿನಿಂದ ಒಂದು ಕಡೆ ಸುಲಿದಿತ್ತು. ಮಾರನೆಯ ದಿನ ಹೊಸ ಹಾಳೆ ಅಂಟಿಸಿದಳು. ಗ್ರೈಂಡಿಂಗ್ ಸಾಲಿನಲ್ಲಿ ತುಂಬಿದ ಗುಂಡು ಈಗ ಒಂದೂ ಇಲ್ಲ.

ಹಳೆಯ ಪಿನ್ನನ್ನು ಒಪ್ಪಿಸಲು ಹೋದಾಗ ಉಗ್ರಾಣದವನು, “ಇದು ಯಾವ ಪಟ್ಟಿಯಲ್ಲೂ ಇಲ್ಲವಲ್ಲ, ನೀವೇ ಇಟ್ಕೊಳ್ಳಿ” ಎಂದ. ಅವಳು ಪ್ರತಿ ಸೋಮವಾರ ಅದನ್ನು ಒರೆಸಿ ಗೋ ರಿಂಗಿನ ಬಾಯಿಗೆ ಇಡುತ್ತಾಳೆ. ಅದು ಗಾಳಿಯ ಮೇಲೆ ಕೂತು ಇಳಿಯುತ್ತದೆ. ಆಮೇಲೆ ಕ್ಲಿಪ್‌ಬೋರ್ಡು ಹಿಡಿದು ಮಷೀನಿನಿಂದ ಮಷೀನಿಗೆ ಹೋಗಿ ಕೇಳುತ್ತಾಳೆ: “ಏನಾದರೂ ಅನುಮಾನ ಇದೆಯಾ? ಸದ್ದು, ಅಳತೆ, ಏನಾದರೂ?”

“ಇಲ್ಲ ಮೇಡಂ. ಎಲ್ಲ ಸರಿಯಾಗಿದೆ.”

ಮೊದಲೆಲ್ಲ ಅವರು ಕೂಗಿ ಕರೆದು ಹೇಳುತ್ತಿದ್ದರು. ಬೆಲ್ಟು ಕಿರುಗುಡುತ್ತಿದೆ, ನೀರು ಸೋರುತ್ತಿದೆ, ಕಲ್ಲು ಯಾಕೋ ಮುನಿಸಿಕೊಂಡಿದೆ ಎಂದು. ಈಗ ಯಾರೂ ಹೇಳುವುದಿಲ್ಲ. ಹೇಳಿದವನಿಗೆ ಏನಾಯಿತು ಎಂದು ಎಲ್ಲರೂ ನೋಡಿದ್ದಾರೆ.

ಮೊನ್ನೆ ಮಾಮನ ಮಷೀನಿನಲ್ಲಿ ನಿಂತ ಹೊಸ ಆಪರೇಟರು ಪಿನ್ನೊಂದನ್ನು ಕೈಗೆತ್ತಿಕೊಂಡ. ಅವನ ಹೆಬ್ಬೆರಳು ಅದರ ಮೇಲೆ ಒಂದು ಕ್ಷಣ ತಡೆದು ನಿಂತಿತು. ಅವಳು ಅದನ್ನು ಕಂಡಳು.

“ಏನು? ಹೇಳಿ, ಏನಾದರೂ ಇದೆಯಾ?”

ಅವನು ಅವಳನ್ನೂ, ಅವಳ ಕೈಯಲ್ಲಿದ್ದ ಹಾಳೆಯನ್ನೂ ನೋಡಿದ. ಪಿನ್ನನ್ನು ಮೆಲ್ಲಗೆ ತಟ್ಟೆಗಿಟ್ಟ.

“ಏನಿಲ್ಲ ಮೇಡಂ” ಎಂದ. “ಸರಿಯಾಗಿದೆ.”